ಒಂದೇ ರೂಟರ್‌ನಲ್ಲಿ ಹಲವು ರೂಟಿಂಗ್ ಪ್ರೊಸೆಸ್‌ಗಳು: ಪ್ರಶ್ನೋತ್ತರ

ಸದಸ್ಯ 1: ನಮಸ್ಕಾರ ಸರ್. ಸಿಸ್ಕೋ ರೂಟರ್‌ನಲ್ಲಿ ಓಎಸ್‌ಪಿಎಫ್‌ನ (ರೂಟರ್‌ಗಳು ಮಾರ್ಗಗಳನ್ನು ಪರಸ್ಪರ ತಿಳಿಸಲು ಬಳಸುವ ಪ್ರೊಟೊಕಾಲ್) ಪ್ರೊಸೆಸ್ 1 ಮತ್ತು ಪ್ರೊಸೆಸ್ 2 ಎರಡನ್ನೂ ನಡೆಸುತ್ತಿದ್ದೇನೆ. ಒಂದರ ಮಾರ್ಗಗಳು ಇನ್ನೊಂದರ ನೆರೆಯ ರೂಟರ್‌ಗಳಿಗೆ ತಲುಪುತ್ತಿಲ್ಲ.

ಎಂಜಿನಿಯರ್: ಎರಡೂ ಪ್ರೊಸೆಸ್‌ಗಳ ಡೇಟಾಬೇಸ್ ಬೇರೆ ಬೇರೆ. ನೀವು ರೀಡಿಸ್ಟ್ರಿಬ್ಯೂಟ್ ಮಾಡದ (ಒಂದರ ಮಾರ್ಗಗಳನ್ನು ಇನ್ನೊಂದಕ್ಕೆ ಕೊಡದ) ಹೊರತು ಮಾರ್ಗಗಳು ದಾಟುವುದಿಲ್ಲ. ಪ್ರತಿ ಪ್ರೊಸೆಸ್‌ಗೂ ರೂಟರ್ ಐಡಿಯನ್ನು (ರೂಟರ್‌ನ ಗುರುತು) ಕೈಯಾರೆ ಕೊಡಿ.

ಸದಸ್ಯೆ 2: ನಮ್ಮಲ್ಲಿ ಹಳೆಯ ಭಾಗ ರಿಪ್ (ಇನ್ನೊಂದು ರೂಟಿಂಗ್ ಪ್ರೊಟೊಕಾಲ್) ಆವೃತ್ತಿ 2, ಹೊಸ ಭಾಗ ಓಎಸ್‌ಪಿಎಫ್. ನಡುವಿನ ಎರಡು ರೂಟರ್‌ಗಳಲ್ಲೂ ಎರಡೂ ದಿಕ್ಕಿಗೆ ರೀಡಿಸ್ಟ್ರಿಬ್ಯೂಟ್ ಮಾಡಿದ್ದೇವೆ. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿಯನ್ನು ಹಂತಹಂತವಾಗಿ ತೋರಿಸುವ ಆಜ್ಞೆ) ಮಾಡಿದರೆ ಅವೇ ಕೆಲವು ವಿಳಾಸಗಳು 30ನೆಯ ಹಂತದವರೆಗೂ ಮತ್ತೆ ಮತ್ತೆ ಬರುತ್ತವೆ.

ಎಂಜಿನಿಯರ್: ಪ್ಯಾಕೆಟ್‌ಗಳು ಗುರಿ ಸೇರದೆ ಸುತ್ತುತ್ತಿವೆ. ಇದು ಆತಂಕದ ವಿಷಯ, ಇಂದೇ ಸರಿಪಡಿಸಿ. ಮೊದಲ ರೂಟರ್ ರಿಪ್‌ನ ಮಾರ್ಗವನ್ನು ಓಎಸ್‌ಪಿಎಫ್‌ಗೆ ಕೊಡುತ್ತದೆ. ಎರಡನೆಯದು ಅದೇ ಮಾರ್ಗವನ್ನು ಎರಡೂ ಕಡೆಯಿಂದ ಕೇಳಿಸಿಕೊಂಡು, ರಿಪ್‌ನ ಡಿಸ್ಟೆನ್ಸ್ (ಕಡಿಮೆ ಇದ್ದಷ್ಟೂ ರೂಟರ್‌ಗೆ ಹೆಚ್ಚು ನಂಬಿಕೆ) 120, ಓಎಸ್‌ಪಿಎಫ್‌ನದು 110 ಆಗಿರುವುದರಿಂದ, ಸುತ್ತಿ ಬಂದ ದಾರಿಯನ್ನೇ ನಂಬಿ, ಅದನ್ನು ಮರಳಿ ರಿಪ್‌ಗೆ ಸಣ್ಣ ಮೆಟ್ರಿಕ್‌ನಲ್ಲಿ (ದಾರಿಯ ದೂರದ ಅಳತೆ) ಹೇಳಿಬಿಡುತ್ತದೆ. ಹಳೆಯ ಭಾಗದ ರೂಟರ್‌ಗಳಿಗೆ ಆ ಸುಳ್ಳು ದಾರಿಯೇ ಹತ್ತಿರವೆಂದು ಕಾಣುತ್ತದೆ. ಎರಡೂ ಗಡಿ ರೂಟರ್‌ಗಳಲ್ಲಿ ಓಎಸ್‌ಪಿಎಫ್‌ನ ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ) ಮಾರ್ಗಗಳ ಡಿಸ್ಟೆನ್ಸನ್ನು 130ಕ್ಕೆ ಏರಿಸಿ. ಜೊತೆಗೆ ರಿಪ್‌ನಿಂದ ಬರುವ ಮಾರ್ಗಗಳಿಗೆ ರೂಟ್‌ಮ್ಯಾಪ್ (ಮಾರ್ಗಗಳನ್ನು ಆರಿಸುವ, ಬದಲಿಸುವ ನಿಯಮಪಟ್ಟಿ) ಮೂಲಕ ಟ್ಯಾಗ್ (ಗುರುತಿನ ಸಂಖ್ಯೆ) ಹಾಕಿ, ಆ ಟ್ಯಾಗ್ ಇರುವುದು ರಿಪ್‌ಗೆ ಮರಳದಂತೆ ತಡೆಯಿರಿ. ಎದುರು ದಿಕ್ಕಿಗೂ ಬೇರೊಂದು ಟ್ಯಾಗ್‌ನಿಂದ ಹಾಗೆಯೇ ಮಾಡಿ. ರಿಪ್‌ನಲ್ಲಿ ಟ್ಯಾಗ್‌ಗೆ 16 ಬಿಟ್ ಮಾತ್ರ ಜಾಗವಿದೆ, 65535 ಮೀರಬೇಡಿ.

ಸದಸ್ಯ 3: ಇಷ್ಟೆಲ್ಲ ಏಕೆ? ‘ಕ್ಲಿಯರ್ ಐಪಿ ಓಎಸ್‌ಪಿಎಫ್ ಪ್ರೊಸೆಸ್’ ಕೊಟ್ಟರೆ ಸರಿಹೋಗುತ್ತದೆ ಎಂದು ನನಗೆ ಬಂದ ಫಾರ್ವರ್ಡ್‌ನಲ್ಲಿತ್ತು.

ಎಂಜಿನಿಯರ್: ದಯವಿಟ್ಟು ಅದನ್ನು ಇಲ್ಲಿ ಹಂಚಬೇಡಿ. ಪ್ರೊಸೆಸ್ ಸಂಖ್ಯೆ ಕೊಡದೆ ಆ ಆಜ್ಞೆ ಹಾಕಿದರೆ ಎಲ್ಲ ಓಎಸ್‌ಪಿಎಫ್ ಪ್ರೊಸೆಸ್‌ಗಳ ನೆರೆಸಂಬಂಧವೂ ಕಡಿದುಹೋಗುತ್ತದೆ. ಕಾರಣ ಉಳಿದಿರುವುದರಿಂದ ಸುತ್ತು ಮತ್ತೆ ಹುಟ್ಟುತ್ತದೆ.

ಸದಸ್ಯ 4: ನೆರೆಯ ರೂಟರ್‌ನಲ್ಲೂ ಪ್ರೊಸೆಸ್ ಸಂಖ್ಯೆ ಒಂದೇ ಇರಬೇಕಲ್ಲವೇ?

ಎಂಜಿನಿಯರ್: ಇಲ್ಲ.

ಸದಸ್ಯ 3: ಇರಲೇಬೇಕು. ಸಂಖ್ಯೆ ಬೇರೆಯಿದ್ದಾಗ ನಮ್ಮಲ್ಲಿ ನೆರೆಸಂಬಂಧವೇ ಏರ್ಪಡಲಿಲ್ಲ.

ಸದಸ್ಯ 5: ನೀವು ಹೇಳುತ್ತಿರುವುದು ಇಐಜಿಆರ್‌ಪಿ ಎಂಬ ಬೇರೆ ಪ್ರೊಟೊಕಾಲ್. ಅಲ್ಲಿ ಎಎಸ್ (ಅಟಾನಮಸ್ ಸಿಸ್ಟಮ್) ಸಂಖ್ಯೆ ಎರಡೂ ಕಡೆ ಹೊಂದಬೇಕು. ಓಎಸ್‌ಪಿಎಫ್‌ನಲ್ಲಿ ಆ ಸಂಖ್ಯೆ ಆ ರೂಟರ್‌ನೊಳಗೆ ಮಾತ್ರ.

ಸದಸ್ಯ 3: ಹತ್ತು ವರ್ಷ ಈ ಕೆಲಸ ಮಾಡಿದವನಿಗೆ ಪಾಠ ಹೇಳಬೇಡಿ.

ಸದಸ್ಯ 5: ಹಾಗಿದ್ದರೆ ಹೆಲೋ ಪ್ಯಾಕೆಟ್ಟನ್ನು (ನೆರೆಸಂಬಂಧಕ್ಕಾಗಿ ರೂಟರ್‌ಗಳು ಕಳಿಸುವ ಸಂದೇಶ) ಬಿಡಿಸಿ ನೋಡಿ. ಏರಿಯಾ, ಹೆಲೋ ಅವಧಿ ಎಲ್ಲವೂ ಇರುತ್ತವೆ, ಪ್ರೊಸೆಸ್ ಸಂಖ್ಯೆ ಇರುವುದಿಲ್ಲ.

ಸದಸ್ಯ 6: ಒಂದೇ ಮಾರ್ಗ ಎರಡು ಓಎಸ್‌ಪಿಎಫ್ ಪ್ರೊಸೆಸ್‌ಗಳಿಂದ ಬಂದರೆ ಯಾವುದು ಗೆಲ್ಲುತ್ತದೆ?

ಸದಸ್ಯ 7: ಪ್ರೊಸೆಸ್ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕೇ ಸರ್?

ಎಂಜಿನಿಯರ್: ಮೇಲೆ ಹೇಳಿದ್ದೇನೆ. ಓದಿ ಕೇಳಿ.

ಸದಸ್ಯೆ 2: ಒಂದು ಗಡಿ ರೂಟರ್‌ನಲ್ಲಿ 130 ಹಾಕಿದೆವು. ಅಲ್ಲಿನ ಮಾರ್ಗಗಳ ಪಟ್ಟಿಯಲ್ಲಿ ಈಗ ರಿಪ್ ಮಾರ್ಗವೇ ಕಾಣುತ್ತಿದೆ, ಟ್ರೇಸ್‌ರೂಟ್ 4 ಹಂತಕ್ಕೆ ಮುಗಿಯಿತು.

ಎಂಜಿನಿಯರ್: ಇನ್ನೊಂದು ಗಡಿ ರೂಟರ್‌ನಲ್ಲೂ ಹಾಕಿ, ಟ್ಯಾಗ್‌ಗಳನ್ನು ಮರೆಯಬೇಡಿ. ಆಮೇಲೆ ರಿಪ್ ಕಡೆಯ ಒಂದು ಕೊಂಡಿಯನ್ನು ಬೇಕೆಂದೇ ಇಳಿಸಿ, ಟ್ರೇಸ್‌ರೂಟ್ ಏನು ತೋರಿಸಿತೆಂದು ಇಲ್ಲಿ ಬರೆಯಿರಿ.