ರೈಲು ಎಂಟಕ್ಕೆ, ರೂಮ್ ಎರಡಕ್ಕೆ: ಕಾರವಾರದಲ್ಲಿ ನಡುವಿನ ಹೊತ್ತು ಹೇಗೆ?

ಪ್ರಶ್ನೆ: ನಮಸ್ಕಾರ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಕಾರವಾರಕ್ಕೆ ಬರುತ್ತಿದ್ದೇವೆ. ನಾನು, ಯಜಮಾನರು, ಅತ್ತೆ (72 ವರ್ಷ, ಮಂಡಿ ನೋವು), 9 ಮತ್ತು 4 ವರ್ಷದ ಮಕ್ಕಳು. ಶನಿವಾರ ಬೆಳಿಗ್ಗೆ ಎಂಟು, ಎಂಟೂವರೆಗೆ ಇಳಿಯುತ್ತೇವೆ. ಹೋಟೆಲ್‌ನವರು ಚೆಕ್‌ಇನ್ ಮಧ್ಯಾಹ್ನ 2ಕ್ಕೆ, ಚೆಕ್‌ಔಟ್ ಬೆಳಿಗ್ಗೆ 11ಕ್ಕೆ ಅನ್ನುತ್ತಾರೆ. ಭಾನುವಾರ ಸಂಜೆ ವಾಪಸ್ ರೈಲು. ಎರಡು ರೂಮ್ ಬೇಕು. ಎರಡೂ ದಿನ ಬ್ಯಾಗ್ ಹೊತ್ತುಕೊಂಡು ಅಲೆಯಬೇಕಾ? ಹೋಟೆಲ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ (ಕಾರವಾರದಲ್ಲಿ ಹೋಟೆಲ್ ರಿಸೆಪ್ಶನ್, 14 ವರ್ಷ): ಮೇಡಂ, ಅಲೆಯಬೇಕಾಗಿಲ್ಲ. ಮೊದಲು ಈ 2 ಗಂಟೆ ಯಾಕೆ ಅಂತ ಹೇಳುತ್ತೇನೆ. ಹಿಂದಿನ ದಿನದವರು 11ಕ್ಕೆ ಬಿಡುತ್ತಾರೆ. ಎಲ್ಲರೂ ಒಟ್ಟಿಗೇ ಬಿಡುತ್ತಾರೆ. ಒಂದು ರೂಮ್ ಸರಿಯಾಗಿ ತೊಳೆದು, ಬೆಡ್‌ಶೀಟ್ ಬದಲಿಸಿ, ಬಾತ್‌ರೂಮ್ ಒಣಗಿಸಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಆ ಕೆಲಸಕ್ಕೆ ಇರುವವರು ಎರಡು ಮೂರು ಜನ. ಹಾಗಾಗಿ ಬೆಳಿಗ್ಗೆ ರೂಮ್ ಸಿಗುತ್ತದೋ ಇಲ್ಲವೋ ಅನ್ನುವುದು ಹಿಂದಿನ ರಾತ್ರಿ ಹೋಟೆಲ್ ಎಷ್ಟು ತುಂಬಿತ್ತು ಅನ್ನುವುದರ ಮೇಲಿದೆ. ನಮ್ಮೂರಲ್ಲಿ ಶನಿವಾರ ರಾತ್ರಿ ತುಂಬುತ್ತದೆ, ಭಾನುವಾರ ರಾತ್ರಿ ಖಾಲಿ. ಶುಕ್ರವಾರ ರಾತ್ರಿ ನಡುವೆ. ಅಂದರೆ ಶನಿವಾರ ಬೆಳಿಗ್ಗೆ ಬೇಗ ರೂಮ್ ಸಿಗಬಹುದು, ಆದರೆ ಖಚಿತ ಇಲ್ಲ. ಭಾನುವಾರ ಲೇಟ್ ಚೆಕ್‌ಔಟ್ ಮಾತ್ರ ಸುಲಭ, ಯಾಕೆಂದರೆ ಆ ರೂಮ್‌ಗೆ ಹಿಂದೆ ಕಾಯುವವರು ಕಡಿಮೆ.

ಅತ್ತೆಯವರಿಗೆ ಮಂಡಿ ನೋವು ಅಂದಿರಿ. ರಾತ್ರಿಯಿಡೀ ರೈಲಿನಲ್ಲಿ ಬಂದ ಹಿರಿಯರನ್ನು ಆರು ಗಂಟೆ ಸೋಫಾದಲ್ಲಿ ಕೂರಿಸಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ರೂಮ್ ಶುಕ್ರವಾರ ರಾತ್ರಿಯಿಂದಲೇ ಬುಕ್ ಮಾಡುತ್ತೇನೆ, ಇನ್ನೊಂದು ಶನಿವಾರದಿಂದ. ಒಂದು ರೂಮ್‌ಗೆ ಮಾತ್ರ ಒಂದು ರಾತ್ರಿಯ ಬಾಡಿಗೆ ಜಾಸ್ತಿ, ಎರಡಕ್ಕೂ ಅಲ್ಲ. ಎಲ್ಲರೂ ಒಂದೇ ರೂಮಲ್ಲಿ ಸ್ನಾನ ಮುಗಿಸಿ, ಅತ್ತೆಯವರು ಮಲಗಲಿ.

ಆದರೆ ಒಂದು ಮಾತು ಮರೆಯಬೇಡಿ. ಶುಕ್ರವಾರ ರಾತ್ರಿಯ ರೂಮ್ ತಗೊಂಡು ಶನಿವಾರ ಬೆಳಿಗ್ಗೆ ಬರುವುದನ್ನು ಹೋಟೆಲ್‌ಗೆ ಮೊದಲೇ ತಿಳಿಸಬೇಕು. ನಾನು ಹಿಂದೆ ಇದ್ದ ಕಡೆ ಒಂದು ಕುಟುಂಬ ಹೀಗೇ ಬುಕ್ ಮಾಡಿತ್ತು, ಹೇಳಿರಲಿಲ್ಲ. ರಾತ್ರಿ ಹನ್ನೊಂದಾದರೂ ಯಾರೂ ಬರಲಿಲ್ಲ, ಫೋನೂ ಹತ್ತಲಿಲ್ಲ. ಬರುವುದಿಲ್ಲ ಅಂತ ರೂಮ್ ಬೇರೆಯವರಿಗೆ ಹೋಯಿತು. ಬೆಳಿಗ್ಗೆ ಅವರು ಪುಟ್ಟ ಮಗು ಎತ್ತಿಕೊಂಡು ಕೌಂಟರ್ ಮುಂದೆ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ್ಯಪ್‌ನಲ್ಲಿ ಬರೆದರೆ ಸಾಲದು. ಹೋಟೆಲ್‌ಗೇ ಫೋನ್ ಮಾಡಿ, ಆಮೇಲೆ ವಾಟ್ಸಾಪ್‌ನಲ್ಲಿ "ಶನಿವಾರ ಬೆಳಿಗ್ಗೆ 9ಕ್ಕೆ ಬರುತ್ತೇವೆ, ರೂಮ್ ಇಟ್ಟಿರಿ" ಅಂತ ಬರೆದು, ಅವರ ಉತ್ತರ ಇಟ್ಟುಕೊಳ್ಳಿ. ದೊಡ್ಡವರ ಎಲ್ಲರ ಆಧಾರ್ ಕೈಯಲ್ಲಿರಲಿ.

ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯ ಹೊರಗೆ. ಆಟೋ ಹಿಡಿದು ನೇರ ಹೋಟೆಲ್‌ಗೆ ಬನ್ನಿ. ತಿಂಡಿ ಆದಮೇಲೆ ಮಕ್ಕಳನ್ನು ಟಾಗೋರ್ ಬೀಚ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆ. ಪಕ್ಕದಲ್ಲೇ ಟುಪೊಲೆವ್ ವಿಮಾನ, 1988ರಿಂದ 2017ರವರೆಗೆ ನೌಕಾಪಡೆಯಲ್ಲಿದ್ದ ಜಾತಿಯದು. 9 ವರ್ಷದವರಿಗೆ ಹಬ್ಬ! ಒಳಗೆ ಬಿಡುವ ಸಮಯ ರಿಸೆಪ್ಶನ್‌ನಲ್ಲೇ ಕೇಳಿ ಹೊರಡಿ. ಹನ್ನೊಂದಾದರೆ ಮರಳು ಕಾಲು ಸುಡುತ್ತದೆ, ಅಷ್ಟರಲ್ಲಿ ವಾಪಸ್ ಬನ್ನಿ. ಮೀನು ತಿನ್ನುವವರಾದರೆ ಊಟಕ್ಕೆ ಹನ್ನೆರಡೂವರೆಗೇ ಹೋಗಿ ಕುಳಿತುಕೊಳ್ಳಿ. ಒಂದೂವರೆ ಮೇಲೆ ಒಳ್ಳೆಯ ಮೀನು ಮುಗಿದಿರುತ್ತದೆ. ಎರಡನೇ ರೂಮ್ ಅಷ್ಟರಲ್ಲಿ ತಯಾರು. ಸಂಜೆ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಹೋಗಿ, ನದಿ ಸಮುದ್ರ ಸೇರುವುದು ಕಾಣುತ್ತದೆ.

ಭಾನುವಾರ 11ಕ್ಕೆ ಒಂದು ರೂಮ್ ಬಿಟ್ಟುಬಿಡಿ. ಇನ್ನೊಂದನ್ನು ಅರ್ಧ ಬಾಡಿಗೆಗೆ ಸಂಜೆ 4ರವರೆಗೆ ಕೇಳಿ. ಶನಿವಾರ ರಾತ್ರಿಯೇ ಕೇಳಿ, ಭಾನುವಾರ ಹತ್ತೂಮುಕ್ಕಾಲಿಗೆ ಅಲ್ಲ.

ಅದೇ ಮೇಡಂ: ತುಂಬಾ ಥ್ಯಾಂಕ್ಸ್ ಸರ್. ಒಂದೇ ರೂಮ್ ಬೇಗ ತಗೊಳ್ಳುವುದು ನಮಗೆ ಹೊಳೆದೇ ಇರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ 24 ಗಂಟೆ ಲಾಡ್ಜ್ ಇದೆಯಂತಲ್ಲ, ಅದು ಲಾಭ ಅಲ್ವಾ?

ಉತ್ತರ: ಬೆಳಿಗ್ಗೆಗೆ ಲಾಭ, ಮರುದಿನಕ್ಕೆ ನಷ್ಟ. ನೀವು 9ಕ್ಕೆ ಒಳಗೆ ಬಂದರೆ ಭಾನುವಾರ 9ಕ್ಕೇ ಬಿಡಬೇಕು. ರೈಲು ಸಂಜೆ. ಒಬ್ಬರೇ ಕೆಲಸಕ್ಕೆ ಬಂದು ಮರುದಿನ ಬೆಳಿಗ್ಗೆ ಹೊರಡುವವರಿಗೆ ಅದು ಸರಿ. ನಿಮಗೆ ಬೇಡ.

ಇನ್ನೊಬ್ಬರು: ಅಣ್ಣಾ, ನಾವು ಕಾರವಾರದವರೇ. ಶನಿವಾರ ಡ್ಯೂಟಿ ಮುಗಿಸಿ ಐದಕ್ಕೆ ಹೊರಟು ಶಿರಸಿ ಕಡೆ ಹೋಂಸ್ಟೇಗೆ ಹೋಗೋಣ ಅಂತ. ಅವರು ಚೆಕ್‌ಇನ್ 1ಕ್ಕೆ ಅಂದಿದ್ದಾರೆ. ಲೇಟಾದರೆ ತೊಂದರೆ ಇಲ್ಲ ತಾನೇ?

ಉತ್ತರ: ರೂಮ್‌ಗೆ ತೊಂದರೆ ಇಲ್ಲ, ದಾರಿಗೆ ಇದೆ. ಘಟ್ಟ ಹತ್ತುವಾಗಲೇ ಕತ್ತಲಾಗುತ್ತದೆ. ತೋಟದ ಮನೆಗಳ ಹತ್ತಿರ ನೆಟ್‌ವರ್ಕ್ ಸಿಗದೆ ಮ್ಯಾಪ್ ನಿಂತುಬಿಡುತ್ತದೆ. ಅಲ್ಲಿ ಅಡುಗೆ ಮಾಡುವುದು ಮನೆಯವರೇ, ನೀವು ಬರುವವರೆಗೆ ಅವರೂ ಉಣ್ಣದೆ ಕಾಯುತ್ತಾರೆ. ಆಗುವುದಾದರೆ ಭಾನುವಾರ, ಸೋಮವಾರ ಮಾಡಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಹೊರಟು ಕುಮಟಾ ಮೇಲೆ ಬಂದು, ದಾರಿಯಲ್ಲೇ ಯಾಣ ಹತ್ತಿ ಇಳಿದು, ಸರಿಯಾಗಿ ಊಟದ ಹೊತ್ತಿಗೆ ಮನೆ ಸೇರಿ. ಸಹಸ್ರಲಿಂಗ ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬೇಡ, ಲಿಂಗಗಳು ನೀರಿನಡಿ ಇರುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರವೇ ಹೋಗುವುದಾದರೆ ತಿಂಗಳುಗಟ್ಟಲೆ ಮೊದಲೇ ಫೋನ್ ಮಾಡಿ. ಆಗ ಪೇಟೆಯಲ್ಲಿ ಚಾಪೆ ಹಾಸುವ ಜಾಗವೂ ಸಿಗುವುದಿಲ್ಲ.