ತಾಮ್ರದ ನಾಣ್ಯ, ಕೋಲಾ, ಪ್ಲಸ್ ಕಂಬದ ಕಿಲುಬು: ಮನೆಮಂದಿ ಗುಂಪಿನಲ್ಲಿ ಒಂದು ಭಾನುವಾರ

ಬೆಳಗ್ಗೆ 6:42
ಮಾವ: (ಫಾರ್ವರ್ಡ್) *ತಪ್ಪದೆ ಓದಿ, ಹತ್ತು ಜನಕ್ಕೆ ಕಳಿಸಿ!!* ಗಾಡಿಯ ಬ್ಯಾಟರಿ ಟರ್ಮಿನಲ್‌ಗೆ ಬಿಳಿ-ನೀಲಿ ಪುಡಿ ಕಟ್ಟುತ್ತಿದೆಯೇ? ಬ್ಯಾಟರಿ ಮೇಲೆ, ಎರಡು ಕಂಬಗಳ ನಡುವೆ, ಒಂದು ತಾಮ್ರದ ನಾಣ್ಯ ಅಂಟಿಸಿ. ಕಿಲುಬನ್ನೆಲ್ಲ ನಾಣ್ಯವೇ ಎಳೆದುಕೊಳ್ಳುತ್ತದೆ. ಈಗಾಗಲೇ ಕಟ್ಟಿದ್ದರೆ ಕೋಲಾ ಸುರಿಯಿರಿ, ಐದು ನಿಮಿಷದಲ್ಲಿ ಹೊಸದರಂತೆ. ಬ್ಯಾಟರಿ ಕಂಪನಿಗಳು ಮುಚ್ಚಿಟ್ಟ ಗುಟ್ಟು!

ಮಾವ: ನಾನು ಯಾವಾಗಿಂದ ಹೇಳ್ತಾ ಬಂದಿದೀನಿ, ಪುಡಿ ಕಂಡ ಕೂಡಲೇ ಬ್ಯಾಟರಿ ಬದಲಾಯಿಸಿ ಅಂತಾರೆ ಈ ಕಂಪನಿಯವರು. ನೋಡಿ ಈಗ.

ಬೆಳಗ್ಗೆ 6:58
ಚಿಕ್ಕಮ್ಮ: ಅಣ್ಣ, ಸರಿಯಾದ ಹೊತ್ತಿಗೆ ಕಳಿಸಿದೆ. ನಮ್ಮ ಕಾರಿನ ಪ್ಲಸ್ ಕಡೆ ಹತ್ತಿ ಅರಳಿದ ಹಾಗೆ ಬಿಳೀ ತುಕ್ಕು, ಬುಡದಲ್ಲಿ ನೀಲಿ. ಎರಡು ದಿನದಿಂದ ಸೆಲ್ಫ್ ಹೊಡೆದರೆ ಬರೀ ಕಟ್ ಕಟ್ ಅನ್ನುತ್ತೆ. ಡ್ಯಾಶ್‌ಬೋರ್ಡ್ ದೀಪ ಚೆನ್ನಾಗೇ ಉರಿಯುತ್ತೆ, ಕೀ ತಿರುಗಿಸಿದಾಗ ಪೂರ್ತಿ ಮಂಕಾಗುತ್ತೆ. ಫೋಟೊ ಹಾಕಿದೀನಿ.

ಅಕ್ಕ: ಮಾವ, ಇದನ್ನ ಬರೆದವರು ಯಾರು? ಎಲ್ಲಿ ಪರೀಕ್ಷೆ ಮಾಡಿದಾರೆ?

ಮಾವ: ಶುರುವಾಯ್ತು. ಟೈರಿಗೆ ನೈಟ್ರೋಜನ್ ತುಂಬಿಸೋ ವಿಷಯದಲ್ಲೂ ನೀನು ಇದೇ ಕೇಳಿದ್ದೆ.

ಅಕ್ಕ: ಕೇಳಿದ್ದೆ, ನೀವು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಇರಲಿ, ನಾಣ್ಯದ ಲೆಕ್ಕ ನೋಡಿ. ಒಂದು ಲೋಹ ಇನ್ನೊಂದರ ಬದಲಿಗೆ ತಾನು ಸವೆಯಬೇಕಾದರೆ ಎರಡು ಷರತ್ತು. ಕಾಯಬೇಕಾದ ಲೋಹಕ್ಕಿಂತ ಅದು ಚುರುಕಾಗಿರಬೇಕು (ಬೇಗ ಸವೆಯಬೇಕು), ಮತ್ತೆ ಎರಡಕ್ಕೂ ವಿದ್ಯುತ್ ಸಂಪರ್ಕ ಇರಬೇಕು. ಹಡಗಿನ ಉಕ್ಕಿಗೆ ಸತುವಿನ ಗಟ್ಟಿ ಬಿಗಿಯೋದು ಅದಕ್ಕೇ. ಇಲ್ಲಿ ಕಂಬದ ಸೀಸದ ವಿಭವ (ಇದು ಕಡಿಮೆ ಇದ್ದಷ್ಟೂ ಲೋಹ ಚುರುಕು) ಮೈನಸ್ 0.13 ವೋಲ್ಟ್, ತಾಮ್ರದ್ದು ಪ್ಲಸ್ 0.34. ಅಂದ್ರೆ ಸೀಸವೇ ಚುರುಕು, ತಾಮ್ರ ಅದನ್ನ ಕಾಯಲಾರದು. ಅದೂ ಅಲ್ದೆ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಂಟಿಸಿದ ನಾಣ್ಯಕ್ಕೂ ಕಂಬಕ್ಕೂ ಏನು ಸಂಬಂಧ? ಅಂಟು ಬಿಟ್ಟು ಜಾರಿ, ಪ್ಲಸ್ ಕಂಬಕ್ಕೆ ವೈರ್ ಹಿಡಿಸೋ ಕ್ಲ್ಯಾಂಪ್‌ಗೂ ಬ್ಯಾಟರಿ ಹಿಡಿದಿರೋ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗೋದು ಮಾತ್ರ ಖಂಡಿತ.

ಮಾವ: ಕೋಲಾದ್ದು ಸುಳ್ಳಲ್ಲ. ಹೋದ ತಿಂಗಳು ಸುರಿದೆ, ನೊರೆ ಬಂತು, ಪುಡಿ ಹೋಯ್ತು.

ಅಕ್ಕ: ಆ ನೀಲಿ ತಾಮ್ರದ ಸಲ್ಫೇಟ್, ಬರೀ ಬಿಸಿನೀರಿಗೂ ಕರಗುತ್ತೆ. ನೊರೆ ಕೋಲಾದೊಳಗಿನ ಗ್ಯಾಸಿನದು. ಕೋಲಾದಲ್ಲಿರೋದು ಫಾಸ್ಫಾರಿಕ್ ಆಮ್ಲ. ಸಲ್ಫ್ಯೂರಿಕ್ ಆಮ್ಲ ಒಸರಿದ ಜಾಗಕ್ಕೆ ಇನ್ನೊಂದು ಆಮ್ಲ ಸುರಿದು, ಮೇಲೆ ಸಕ್ಕರೆಯ ಅಂಟು ಬಿಟ್ಟು ಬಂದಿದೀರಿ. ಧೂಳು, ತೇವ ಅದರ ಮೇಲೇ ಕೂರುತ್ತೆ.

ಬೆಳಗ್ಗೆ 7:20
ತಾತ: ಎಲ್ಲರಿಗೂ ಶುಭೋದಯ. ಮೊದಲು ಮಾತು ಸರಿಯಾಗಲಿ. ಇದಕ್ಕೆ ತುಕ್ಕು ಅನ್ನಬೇಡಿ, ತುಕ್ಕು ಹಿಡಿಯೋದು ಕಬ್ಬಿಣಕ್ಕೆ. ಇದು ಕಿಲುಬು. ಎರಡನೆಯದು, ಕಿಲುಬು ಒಂದು ರಾತ್ರಿಯಲ್ಲಿ ಕಟ್ಟಲ್ಲ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡೋ ಅಭ್ಯಾಸ ಇದ್ದಿದ್ದರೆ ಈ ಫೋಟೊ ಹಾಕೋ ಪ್ರಸಂಗ ಬರುತ್ತಿರಲಿಲ್ಲ. ಗಾಡಿ ಓಡಿಸೋದು ಬೇರೆ, ಇಟ್ಟುಕೊಳ್ಳೋದು ಬೇರೆ.

ಚಿಕ್ಕಮ್ಮ: ಅಪ್ಪಾ, ನೋಡ್ತಿದ್ದೆ. ಪ್ಲಸ್ ಮೇಲೆ ರಬ್ಬರ್ ಟೋಪಿ ಇದೆ, ಅದರ ಕೆಳಗೆ ಕಾಣಲಿಲ್ಲ.

ತಾತ: ಟೋಪಿ ಎತ್ತದೆ ನೋಡಿದರೆ ಅದು ನೋಡಿದ ಹಾಗಲ್ಲ ಮಗಳೇ.

ತಮ್ಮ: ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡೋ ಗಾಡಿಗಳೇ ಚೆನ್ನಾಗಿದ್ವು ತಾತ. ಬ್ಯಾಟರಿ ಸತ್ತರೂ ಓಡೋದು. ಹೆಬ್ಬೆರಳನ್ನ ಹ್ಯಾಂಡಲ್ ಸುತ್ತ ಹಾಕಬಾರದು, ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡೀಬೇಕು, ಮೇಲಕ್ಕೆ ಎಳೀಬೇಕು, ಕೆಳಕ್ಕೆ ಒತ್ತಬಾರದು, ನೆನಪಿದ್ಯಾ?

ತಾತ: ಹಾಗೆ ಹಿಡಿಯದಿದ್ದರೆ ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಅದನ್ನ ತಪ್ಪಿಸೋಕೇ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅನ್ನೋ ಎಂಜಿನಿಯರ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದದ್ದು. ಅಲ್ಲಿಂದ ಬ್ಯಾಟರಿಯ ಕೆಲಸ ಭಾರವಾಯ್ತು.

ಚಿಕ್ಕಮ್ಮ: ಇತಿಹಾಸ ಆಮೇಲೆ. ನನ್ನ ಗಾಡಿ ನಿಂತಿದೆ.

ಬೆಳಗ್ಗೆ 7:45
ಭಾವ: ಚಿಕ್ಕಮ್ಮ, ಇನ್ನೂ ಏನೂ ತೊಳೀಬೇಡಿ, ಮೊದಲು ಅಳೆಯಿರಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಕೆಂಪು ವೈರ್ ಮೀಟರಿನ ವೋಲ್ಟ್ ತೂತಿನಲ್ಲಿರಲಿ. 10 ಆಂಪಿಯರ್ ತೂತಿನಲ್ಲಿದ್ದರೆ ಬ್ಯಾಟರಿಗೆ ಮುಟ್ಟಿಸಿದ ಕ್ಷಣ ಶಾರ್ಟ್ ಆಗುತ್ತೆ. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಮೂರು ಅಳತೆ ಬೇಕು. ಸುಮ್ಮನಿದ್ದಾಗ ಕಂಬದಿಂದ ಕಂಬಕ್ಕೆ. ಒಬ್ಬರು ಸೆಲ್ಫ್ ಹೊಡೆಯುವಾಗ ಕಂಬದಿಂದ ಕಂಬಕ್ಕೆ. ಆಮೇಲೆ ಸೆಲ್ಫ್ ಹೊಡೆಯುವಾಗಲೇ ಪ್ಲಸ್ ಕಂಬದ ನೆತ್ತಿಯಿಂದ ಅದೇ ಪ್ಲಸ್ ಕ್ಲ್ಯಾಂಪ್‌ಗೆ.

ಮಾವ: ಒಂದೇ ಕಡೆಯ ಕಂಬಕ್ಕೂ ಕ್ಲ್ಯಾಂಪ್‌ಗೂ ಏನು ಬರುತ್ತೆ ಅಳಿಯಂದಿರೇ? ಸೊನ್ನೆ ತಾನೆ?

ಭಾವ: ಸೊನ್ನೆಯ ಹತ್ತಿರ ಇರಬೇಕು, 0.1 ವೋಲ್ಟ್ ದಾಟಬಾರದು. ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ನಡುವೆ ಬರೀ 0.01 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಹೋಗುತ್ತೆ. ದೀಪಕ್ಕೆ ಕೆಲವೇ ಆಂಪಿಯರ್ ಸಾಕು, ಅದಕ್ಕೇ ದೀಪ ಉರಿಯುತ್ತೆ, ಸ್ಟಾರ್ಟರ್ ತಿರುಗಲ್ಲ. ಬ್ಯಾಟರಿ ಸತ್ತಿದೆ ಅಂತ ತುಂಬಾ ಜನ ಮೋಸ ಹೋಗೋದು ಇಲ್ಲೇ.

ಮಾವ: ಅದನ್ನೇ ನಾನು ಬೆಳಗ್ಗೆ ಹೇಳಿದ್ದು, ಬದಲಾಯಿಸೋದು ಬೇಡ ಅಂತ!

ಅಕ್ಕ: ನೀವು ಹೇಳಿದ್ದು ನಾಣ್ಯ ಅಂಟಿಸಿ ಅಂತ.

ಬೆಳಗ್ಗೆ 8:30
ಚಿಕ್ಕಮ್ಮ: ಸುಮ್ಮನಿದ್ದಾಗ 12.5. ಸೆಲ್ಫ್ ಹೊಡೆದಾಗ ಕಂಬದಿಂದ ಕಂಬಕ್ಕೆ 12.1. ಪ್ಲಸ್ ಕಂಬದಿಂದ ಕ್ಲ್ಯಾಂಪ್‌ಗೆ 5.8!

ಭಾವ: ಬ್ಯಾಟರಿ ಗಟ್ಟಿಯಾಗಿದೆ. ಹೆಚ್ಚುಕಮ್ಮಿ ಅರ್ಧ ವೋಲ್ಟೇಜು ಆ ಪುಡಿಯ ಪದರದಲ್ಲೇ ಉಳೀತಾ ಇದೆ. ಈಗ ತೊಳೆಯೋಣ. ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಳ್ಳಿ, ಉಂಗುರ-ಬಳೆ ತೆಗೆದಿಡಿ, ಹತ್ತಿರ ಬೆಂಕಿ ಬೇಡ. ಚಾರ್ಜ್ ಆಗುವಾಗ ಬರೋ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಸೇರಿದರೂ ಹೊತ್ತಿಕೊಳ್ಳುತ್ತೆ.

ಕೀ ತೆಗೆದು, 10ರ ಸ್ಪ್ಯಾನರಿನಲ್ಲಿ *ಮೊದಲು ಮೈನಸ್* ಬಿಚ್ಚಿ. ಗಾಡಿಯ ಇಡೀ ಬಾಡಿ ಮೈನಸ್‌ಗೆ ಸೇರಿದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ಬೆಸುಗೆ ಆಗುತ್ತೆ. ಮೈನಸ್ ಬಿಚ್ಚಿದ ಮೇಲೆ ತಾಗಿದರೂ ಏನಾಗಲ್ಲ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕ್ಲ್ಯಾಂಪ್ ಬರದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಬೋಲ್ಟ್ ಸಡಿಲಿಸಿ, ಬಾಯಿ ತುಸು ಅಗಲಿಸಿ, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಮೇಲಕ್ಕೆ ಎತ್ತಿ.

ಕಾಲು ಲೀಟರ್ ಬೆಚ್ಚನೆ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ. ಬ್ಯಾಟರಿಗೆ ನೀರು ಹಾಕೋ ಬಿರಡೆಗಳು ಬಿಗಿಯಾಗಿರಲಿ, ಗಾಳಿತೂತುಗಳ ಮೇಲೆ ಟೇಪ್ ಹಚ್ಚಿ. ಸೋಡಾ ಒಳಗೆ ಹೋದರೆ ಒಳಗಿನ ಆಮ್ಲವನ್ನೂ ಕೊಲ್ಲುತ್ತೆ, ಸೆಲ್ ಹಾಳು. ಹಳೇ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪ ಹಚ್ಚಿ. ಸುಂಯ್ ಅಂತ ಗುಳ್ಳೆ ಎದ್ದರೆ ಆಮ್ಲ ಇನ್ನೂ ಇದೆ. ಗುಳ್ಳೆ ನಿಲ್ಲೋವರೆಗೂ ಹಚ್ಚಿ. ಕಂಬ, ಕ್ಲ್ಯಾಂಪಿನ ಒಳಮೈ ಎರಡನ್ನೂ ತೇವ ಇರುವಾಗಲೇ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಸ ಬೆಳ್ಳಗೆ ಹೊಳೆಯೋವರೆಗೆ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿ, ಟೇಪ್ ಕಿತ್ತು ಹಾಕಿ. ಒಣಗಿದ ಪುಡಿಯನ್ನ ಉಜ್ಜಬೇಡಿ, ಬಾಯಿಂದ ಊದಲೇಬೇಡಿ. ಅದು ಸೀಸದ ವಿಷ.

ತಾತ: ಚಾಕುವಿನಿಂದ ಹೆರೆಯಲೂ ಬಾರದು. ಸೀಸ ಮೆತ್ತಗೆ, ಕಂಬ ಸಣ್ಣಗಾದರೆ ಕ್ಲ್ಯಾಂಪ್ ಎಷ್ಟು ಬಿಗಿದರೂ ಕಚ್ಚಲ್ಲ. ಸುತ್ತಿಗೆಯಂತೂ ಹತ್ತಿರ ತರಬೇಡಿ.

ಭಾವ: ತಾತ ಹೇಳಿದ್ದು ಬಹಳ ಮುಖ್ಯ. ಕಂಬಕ್ಕೆ ಬಡಿದರೆ ಬುಡದ ಸೀಲ್ ಬಿರುಕು ಬಿಡುತ್ತೆ, ಅಲ್ಲಿಂದ ಆಮ್ಲ ಒಸರುತ್ತೆ. ತೊಳೆದ ಮೂರೇ ವಾರಕ್ಕೆ ಕಿಲುಬು ವಾಪಸ್. ಕ್ಲ್ಯಾಂಪ್ ಪೂರ್ತಿ ಕೆಳಗೆ ಕೂರಬೇಕು, ಕಂಬದ ನೆತ್ತಿ ಕ್ಲ್ಯಾಂಪಿನ ಮೇಲಂಚಿಗೆ ಸಮ ಬರಬೇಕು. ಬಿಗಿ ಸುಮಾರು 5-6 ನ್ಯೂಟನ್ ಮೀಟರ್ ಸಾಕು, ಅಂದ್ರೆ ಕೈಯಿಂದ ತಿರುಗಿಸಿದರೆ ಕ್ಲ್ಯಾಂಪ್ ಅಲ್ಲಾಡಬಾರದು, ಅಷ್ಟೇ. ಪ್ಲಸ್ ಕಂಬ ಮೈನಸ್‌ಗಿಂತ ತುಸು ದಪ್ಪ ಇರುತ್ತೆ, ಕ್ಲ್ಯಾಂಪ್ ಅದಲು ಬದಲು ಮಾಡಬೇಡಿ.

ಮಾವ: ಬಿಗಿಯೋ ಮುಂಚೆ ಕಂಬಕ್ಕೆ ದಪ್ಪಗೆ ಗ್ರೀಸ್ ಬಳೀಬೇಕು. ಇದು ಫಾರ್ವರ್ಡ್ ಅಲ್ಲ, ಕಣ್ಣಾರೆ ಕಂಡಿದ್ದು.

ಭಾವ: ಬಿಗಿದ ಮೇಲೆ ಬಳಿಯಿರಿ ಮಾವ. ಗ್ರೀಸ್ ಕರೆಂಟು ಹರಿಸಲ್ಲ.

ಮಾವ: ಹಾಗಾದ್ರೆ ಗ್ರೀಸ್ ಬಳಿದು ಬಿಗಿದ ಎಷ್ಟೋ ಗಾಡಿಗಳು ಸ್ಟಾರ್ಟ್ ಹೇಗೆ ಆಗುತ್ವೆ? ಇವಳು ನನ್ನ ಹತ್ರ ಮೂಲ ಕೇಳ್ತಾಳೆ, ಗಂಡನ ಹತ್ರ ಕೇಳಲ್ಲ.

ಅಕ್ಕ: ಇವರ ಹತ್ರಾನೂ ಕೇಳ್ತೀನಿ. ಇದರಲ್ಲಿ ಮಾವ ಹೇಳೋದ್ರಲ್ಲಿ ಅರ್ಧ ನಿಜ ಇದೆ. ಬಿಗಿದಾಗ ಲೋಹಕ್ಕೆ ಲೋಹ ಒತ್ತಿಕೊಂಡು ಗ್ರೀಸ್ ಪಕ್ಕಕ್ಕೆ ಸರಿಯುತ್ತೆ, ಅದಕ್ಕೇ ಸ್ಟಾರ್ಟ್ ಆಗೋದು. ತೆಳು ಲೇಪ ಇದ್ದರೆ ತೊಂದರೆ ಇಲ್ಲ. ದಪ್ಪಗಿದ್ದರೆ ಅದರೊಳಗೆ ಮರಳು, ಧೂಳು ಸೇರಿ ಕ್ಲ್ಯಾಂಪ್ ಸಮ ಕೂರಲ್ಲ.

ಭಾವ: ಒಪ್ಪಿದೆ. ಆದರೂ ಬಿಗಿದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಬಳಿಯೋದೇ ಸುರಕ್ಷಿತ. ಕೆಲಸ ಒಂದೇ, ಆಮ್ಲದ ಆವಿ ಮತ್ತು ತೇವ ಲೋಹಕ್ಕೆ ತಾಗದ ಹಾಗೆ ನೋಡಿಕೊಳ್ಳೋದು. ಕ್ಲ್ಯಾಂಪಿನ ಕೆಳಗೆ ಹಾಕೋ ಉಣ್ಣೆ ಬಟ್ಟೆಯಂಥ ವಾಷರ್ ಸಿಗುತ್ತೆ, ಕೆಂಪು ಪ್ಲಸ್‌ಗೆ, ಹಸಿರು ಮೈನಸ್‌ಗೆ. ಅದನ್ನ ಮಾತ್ರ ಮೊದಲೇ ಹಾಕಬೇಕು. ತಾಮ್ರದ ಪುಡಿ ಇರೋ ಗ್ರೀಸ್ ಬೇಡ, ಮುಚ್ಚಳದ ಮೇಲೆ ಹರಡಿದರೆ ಕರೆಂಟು ಸೋರೋಕೆ ದಾರಿ ಆಗುತ್ತೆ.

ಮಾವ: ಅರ್ಧ ನಿಜ ಅಂತ ಒಪ್ಪಿಕೊಂಡ್ರಲ್ಲ, ಸಾಕು.

ಚಿಕ್ಕಮ್ಮ: ಅಣ್ಣ, ನೆನಪಾಯ್ತು. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋಕೆ ಅಂತ ಎರಡು ವರ್ಷದ ಹಿಂದೆ ತಗೊಂಡು ಹೋದ ಜಂಪರ್ ಕೇಬಲ್ ಎಲ್ಲಿ? ಅದಿದ್ದಿದ್ದರೆ ನಿನ್ನೆ ಗಾಡಿ ತೆಗೀಬಹುದಿತ್ತು.

ಮಾವ: ಅದು ನಿನ್ನದಾ? ಅಪ್ಪನದು ಅಂದುಕೊಂಡಿದ್ದೆ.

ತಾತ: ನನ್ನದು ನನ್ನ ಹತ್ತಿರವೇ ಇದೆ. ತಗೊಂಡ ವಸ್ತು ಹಿಂದಿರುಗಿಸೋದನ್ನ ನಿಮಗೆ ಚಿಕ್ಕಂದಿನಲ್ಲೇ ಕಲಿಸಿದ್ದೆ.

ಭಾವ: ಕೇಬಲ್ ಇದ್ದಿದ್ದರೂ ಆ ಪುಡಿಯ ಮೇಲೆ ಕಚ್ಚಿಸಿದ್ದರೆ ಕೆಲಸ ಆಗುತ್ತಿರಲಿಲ್ಲ ಬಿಡಿ.

ಮಧ್ಯಾಹ್ನ 12:10
ಚಿಕ್ಕಮ್ಮ: ತೊಳೆದೆ. ಗುಳ್ಳೆ ನಿಲ್ಲೋಕೆ ನಾಲ್ಕು ಸಲ ಹಚ್ಚಬೇಕಾಯ್ತು. ಕಂಬ ಬೆಳ್ಳಿ ಹಾಗೆ ಹೊಳೀತಾ ಇದೆ. ಒಂದೇ ಸಲಕ್ಕೆ ಸ್ಟಾರ್ಟ್. ಸೆಲ್ಫ್ ಹೊಡೆಯುವಾಗ ಕಂಬದಿಂದ ಕ್ಲ್ಯಾಂಪ್‌ಗೆ 0.04!

ತಮ್ಮ: 🙏🙏 ಹ್ಯಾಂಡಲ್ ಬೇಕಾಗಲಿಲ್ಲ.

ಭಾವ: ಇನ್ನೂ ಮುಗಿದಿಲ್ಲ. ಕಿಲುಬು ಯಾಕೆ ಬಂತು ಅಂತ ನೋಡಬೇಕು. ಎಂಜಿನ್ ಓಡ್ತಾ ಇರಲಿ, ಆಕ್ಸಿಲರೇಟರ್ ತುಸು ಒತ್ತಿ ಹಿಡಿದು ಕಂಬದಿಂದ ಕಂಬಕ್ಕೆ ಅಳೆಯಿರಿ. ಆಮೇಲೆ ಎಂಜಿನ್ ನಿಲ್ಲಿಸಿ ಬ್ಯಾಟರಿ ನೀರಿನ ಮಟ್ಟ ನೋಡಿ.

ಚಿಕ್ಕಮ್ಮ: 15.3. ಐದು ನಿಮಿಷ ಆದ್ರೂ ಇಳೀಲಿಲ್ಲ. ನೀರು ಎಲ್ಲಾ ಆರು ಸೆಲ್‌ನಲ್ಲೂ ಕೆಳಗಿನ ಗೆರೆಗಿಂತ ಕೆಳಗಿದೆ.

ಭಾವ: ಸಿಕ್ಕಿತು. ನಿಮ್ಮದರಂಥ ಗಾಡಿಯಲ್ಲಿ 13.8ರಿಂದ 14.5 ಇರಬೇಕು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನ ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡೋ ಭಾಗ) ಕೆಟ್ಟು ಅತಿ ಚಾರ್ಜ್ ಆಗ್ತಿದೆ. ನೀರು ಒಡೆದು ಗ್ಯಾಸ್ ಆಗಿ ಹೋಗುತ್ತೆ, ಜೊತೆಗೆ ಆಮ್ಲದ ಹನಿಗಳನ್ನ ಹೊರಗೆ ಎಳೀತದೆ, ಅದೇ ಕ್ಲ್ಯಾಂಪಿನ ತಾಮ್ರ ತಿಂದು ನೀಲಿ ಆಗೋದು. ರೆಗ್ಯುಲೇಟರ್ ಹಾಕಿಸಿ. ಸೆಲ್ ಒಳಗಿನ ಫಲಕಗಳು ನೀರಿನಿಂದ ಮೇಲೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಈಗ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಆದ ಮೇಲೆ ಮೇಲಿನ ಗೆರೆಯವರೆಗೆ. ಆಮ್ಲ ಸೇರಿಸಬೇಡಿ. ಗೆರೆ ದಾಟಿಸಲೂ ಬೇಡಿ, ತುಂಬಿ ತುಳುಕಿದ್ದೂ ಕಿಲುಬೇ ಆಗೋದು.

ಅಕ್ಕ: ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಚಾರ್ಜಿಂಗ್ ವೋಲ್ಟೇಜನ್ನ ಏರಿಸಿ ಇಳಿಸುತ್ತೆ, ಅಲ್ಲಿ ಒಂದು ಕ್ಷಣದ ಅಂಕಿ ನೋಡಿ ಗಾಬರಿ ಆಗಬಾರದು. ಇಲ್ಲಿ ಐದು ನಿಮಿಷ ಹಾಗೇ ನಿಂತಿದೆ, ಹಾಗಾಗಿ ಇವರ ಮಾತು ಸರಿ.

ಮಾವ: ನನ್ನ ಗಾಡೀಲೂ ಒಂದು ತಿಂಗಳಿಗೇ ಪುಡಿ ಮತ್ತೆ ಬಂದಿದೆ. ನಿನ್ನ ಮೀಟರ್ ಒಂದು ದಿನ ಕೊಡು.

ಚಿಕ್ಕಮ್ಮ: ಜಂಪರ್ ಕೇಬಲ್ ತಗೊಂಡು ಬಾ, ಕೊಡ್ತೀನಿ.

ಭಾವ: ಮಾವ, ಮೊದಲು ಆ ಕೋಲಾದ ಅಂಟನ್ನ ಬಿಸಿನೀರಲ್ಲಿ ತೊಳೆದು, ಆಮೇಲೆ ಸೋಡಾ ಹಚ್ಚಿ. ಅಳೆಯುವಾಗ ಕೆಂಪು ಮೊನೆಯನ್ನ ಕಂಬದ ನೆತ್ತಿಗೇ ಒತ್ತಿ ಹಿಡೀರಿ, ಕ್ಲ್ಯಾಂಪಿಗಲ್ಲ.