ಸಹಾಯ ಬೇಕು: ಕಾರಿನೊಳಗಿನ ಟೈರ್ ಸದ್ದು ತಗ್ಗಿಸಲು ಎಲ್ಲಿಂದ ಆರಂಭಿಸಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಮಂಗಳೂರಿನಿಂದ ಶಿರಾಡಿ ಘಾಟಿಯ ಮೂಲಕ ಆಗಾಗ ಬೆಂಗಳೂರಿಗೆ ಹೋಗುತ್ತೇವೆ. ಡಾಂಬರು ರಸ್ತೆಯಲ್ಲಿ ಸಹಿಸಬಹುದಾದ ಸದ್ದು ಕಾಂಕ್ರೀಟ್ ರಸ್ತೆಗೆ ಬಂದೊಡನೆ ಎಷ್ಟು ಹೆಚ್ಚುತ್ತದೆಂದರೆ, ಹಿಂದಿನ ಸೀಟಿನಲ್ಲಿ ಕೂರುವ, ಶ್ರವಣಯಂತ್ರ ಬಳಸುವ ನಮ್ಮ ತಾಯಿಯವರಿಗೆ ಮುಂದಿನವರ ಮಾತು ಕೇಳಿಸುವುದೇ ಇಲ್ಲ.

ಟೈರುಗಳ ಗಾಳಿ, ಬಾಗಿಲಿನ ಬೀಡಿಂಗ್, ವೀಲ್ ಬೇರಿಂಗ್ ಎಲ್ಲವನ್ನೂ ಪರೀಕ್ಷಿಸಿಯಾಗಿದೆ, ದೋಷವಿಲ್ಲ. ಕಾರಿನ ತಗಡಿಗೆ ಒಳಗಿನಿಂದ ಅಂಟಿಸುವ, ಅಲ್ಯೂಮಿನಿಯಂ ಹೊದಿಕೆಯ 2 ಮಿ.ಮೀ. ಬ್ಯುಟೈಲ್ (ಒಂದು ಬಗೆಯ ರಬ್ಬರ್) ಶೀಟು ತಗಡಿನ ಕಂಪನವನ್ನು ತಗ್ಗಿಸುತ್ತದೆಯೇ ಹೊರತು, ಗಾಳಿಯ ಮೂಲಕ ಬರುವ ಸದ್ದನ್ನು ತಡೆಯಲು ಅದರ ಮೇಲೆ ಫೋಮ್ ಮತ್ತು ಭಾರವಾದ ವಿನೈಲ್ ಪದರ ಬೇಕೆಂದು ಓದಿ ತಿಳಿದಿದ್ದೇನೆ. ಅಂಗಡಿಯವರು ನಾಲ್ಕು ಬಾಗಿಲುಗಳಿಗಷ್ಟೇ ಶೀಟು ಸಾಕೆನ್ನುತ್ತಾರೆ. ಆದರೆ ಟೈರಿನ ಮೊರೆತ ಹೆಚ್ಚಾಗಿ ಕಾರಿನ ನೆಲದಿಂದಲೂ ಚಕ್ರದ ಮೇಲಿನ ಕಮಾನುಗಳಾದ ವೀಲ್ ಆರ್ಚ್‌ಗಳಿಂದಲೂ ಏಳುವಾಗ ಈ ಸಲಹೆ ನನಗೆ ಒಪ್ಪಿಗೆಯಾಗುತ್ತಿಲ್ಲ.

ಹಿಂದಿನ ವೀಲ್ ಆರ್ಚ್ ಮತ್ತು ಡಿಕ್ಕಿಯ ನೆಲಕ್ಕೆ ಮೊದಲು ಶೀಟು ಹಾಕಿಸಿದವರಿದ್ದರೆ, ಕಾಂಕ್ರೀಟ್ ರಸ್ತೆಯಲ್ಲಿ ಕಂಡ ವ್ಯತ್ಯಾಸವನ್ನು ದಯವಿಟ್ಟು ತಿಳಿಸಿ. ಇನ್ನೊಂದು ಆತಂಕ ನಮ್ಮ ಕರಾವಳಿಯ ಮಳೆಯದು. ಗಾಜಿನ ಅಂಚಿನಿಂದ ಬಾಗಿಲಿನೊಳಗೆ ಇಳಿಯುವ ನೀರು ತಳದ ತೂತುಗಳಿಂದ ಹರಿದುಹೋಗಲೇಬೇಕು. ಶೀಟಿನ ಅಂಚು ಎದ್ದು, ತೇವ ನಿಂತು ತುಕ್ಕು ಹಿಡಿದ ಅನುಭವ ಯಾರಿಗಾದರೂ ಆಗಿದೆಯೇ? ಬ್ಯುಟೈಲ್ ಬದಲು ಬಳಸುವ ಅಗ್ಗದ ಬಿಟುಮೆನ್ (ಡಾಂಬರಿನ) ಶೀಟು ಬೇಸಿಗೆಯಲ್ಲಿ ಮೆತ್ತಗಾಗಿ ವಾಸನೆ ಬಿಟ್ಟಿದ್ದರೆ ಅದನ್ನೂ ತಿಳಿಸಬೇಕಾಗಿ ವಿನಂತಿ.